ತಬ್ಬಿಬ್ಬು: ಒಂದು ಪದದ ಸ್ವಭಾವ



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿ, ಒಂದು ಕಾವ್ಯ ಅಥವಾ ಒಂದು ಚಳವಳಿಯ ಬಗ್ಗೆ ಮಾತಾಡುವುದು ರೂಢಿ. ನಾನು ಒಂದೇ ಒಂದು ಪದವನ್ನು ಹಿಡಿದು ಬಂದಿದ್ದೇನೆ. ಅದು ಶಾಸ್ತ್ರದ ಪರಿಭಾಷೆಯೂ ಅಲ್ಲ, ಕಾವ್ಯದ ಆಭರಣವೂ ಅಲ್ಲ. ಜಗಲಿಯ ಮೇಲೆ, ತರಗತಿಯಲ್ಲಿ, ಪತ್ರಿಕೆಯ ತಲೆಬರಹದಲ್ಲಿ ನಾವು ಸಲೀಸಾಗಿ ಬಳಸುವ ಪದ: ತಬ್ಬಿಬ್ಬು.

ನಿಘಂಟುಗಳಲ್ಲಿ ಇಂಥ ಪದಗಳನ್ನು ಹುಡುಕಿದರೆ ಒಂದು ಸುತ್ತಾಟ ಶುರುವಾಗುತ್ತದೆ. ತಬ್ಬಿಬ್ಬು ಎಂದರೆ ಗಲಿಬಿಲಿ. ಗಲಿಬಿಲಿ ಎಂದರೆ ಗಾಬರಿ, ಗೊಂದಲ. ಗೊಂದಲ ಎಂದರೆ ಮತ್ತೆ ಗಲಿಬಿಲಿ. ಇದು ನಿಘಂಟುಕಾರರ ತಪ್ಪಲ್ಲ. ಒಂದು ಪದಕ್ಕೆ ನಾಲ್ಕು ಪರ್ಯಾಯ ಕೊಟ್ಟು ಮುಂದಿನ ಪದಕ್ಕೆ ಹೋಗಬೇಕಾದವರ ಕಷ್ಟ ಅದು. ಆದರೆ ಮಾತಾಡುವವರು ಈ ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಬಳಸುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಯಾರೂ ತಬ್ಬಿಬ್ಬಾಗುವುದಿಲ್ಲ, ಗಾಬರಿಯಾಗುತ್ತಾರೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ಇವತ್ತಿನ ನನ್ನ ವಿಷಯ. ಮೊದಲು ಪದದ ಮೈಕಟ್ಟು, ಆಮೇಲೆ ವಾಕ್ಯದಲ್ಲಿ ಅದರ ನಡೆ, ಅನಂತರ ಅದರ ನೆರೆಹೊರೆ, ಕೊನೆಗೆ ತಾಳಮದ್ದಳೆಯ ಕೂಟ ಮತ್ತು ನ್ಯಾಯಾಲಯ. ಈ ಎರಡು ಜಾಗಗಳಲ್ಲಿ ತಬ್ಬಿಬ್ಬಿನ ಬೆಲೆ ಬೇರೆ ಬೇರೆ.

ಮೊದಲಿಗೆ ಮೈಕಟ್ಟು. ಗಲಿಬಿಲಿ, ಗಜಿಬಿಜಿ, ಗಡಿಬಿಡಿ, ಕಸಿವಿಸಿ, ಕಕ್ಕಾಬಿಕ್ಕಿ. ಈ ಸಾಲನ್ನು ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳಿ. ಪ್ರತಿಯೊಂದರಲ್ಲೂ ಮೊದಲ ಅರ್ಧ ಅಕಾರದಿಂದ ಹೊರಡುತ್ತದೆ, ಎರಡನೆಯ ಅರ್ಧ ಇಕಾರಕ್ಕೆ ಜಾರುತ್ತದೆ. ಎರಡನೆಯ ಅರ್ಧದ ಬಾಗಿಲಲ್ಲಿ ಬಕಾರವೋ ವಕಾರವೋ ನಿಂತಿರುತ್ತದೆ. ತಬ್ಬಿಬ್ಬು ಇದೇ ಬಳಗದ್ದು, ಆದರೆ ಹೆಚ್ಚು ಬಿಗಿಯಾದದ್ದು. ಗಲಿ-ಬಿಲಿ ಎಂದು ಬಿಡಿಸಬಹುದು. ತಬ್ಬಿಬ್ಬನ್ನು ಬಿಡಿಸಲು ಹೋದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ‘ಇಬ್ಬರು ತಬ್ಬಿಕೊಂಡದ್ದು’ ಎಂದು ತಮಾಷೆಗೆ ನಿಷ್ಪತ್ತಿ ಹೇಳುವವರಿದ್ದಾರೆ. ಅದನ್ನು ತಮಾಷೆಯಾಗಿಯೇ ಬಿಡೋಣ.

ಇಂಥ ಪದಗಳನ್ನು ನಮ್ಮ ವ್ಯಾಕರಣ ಕಡೆಗಣಿಸಿಲ್ಲ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅನುಕರಣ ಶಬ್ದಗಳನ್ನು ಗುರುತಿಸಿದ್ದಾನೆ. ನಮ್ಮ ಕಾಲಕ್ಕೆ ಬಂದರೆ, ಕೊಡವ, ತೋಡ, ಕೋತ ಭಾಷೆಗಳನ್ನು ಅವುಗಳ ನೆಲದಲ್ಲೇ ಕುಳಿತು ಅಭ್ಯಾಸ ಮಾಡಿದ ಎಂ.ಬಿ. ಎಮೆನೊ 1969ರಲ್ಲಿ ಒಂದು ಪ್ರಬಂಧ ಬರೆದರು. ಇಂಥ ಜೋಡಿ ಅನುಕರಣ ಪದಗಳ ಅಚ್ಚು ದ್ರಾವಿಡ, ಆರ್ಯ ಎಂಬ ಭೇದವಿಲ್ಲದೆ ಭಾರತದ ಉದ್ದಗಲಕ್ಕೂ ಹಂಚಿಹೋಗಿದೆ ಎಂದು ಅದರಲ್ಲಿ ತೋರಿಸಿದರು. ಹಿಂದಿಯ ‘ಹಕ್ಕಾ-ಬಕ್ಕಾ’ ಕೇಳಿದಾಗ ನಮಗೆ ಕಕ್ಕಾಬಿಕ್ಕಿ ನೆನಪಾಗುವುದು ಆಕಸ್ಮಿಕವಲ್ಲ. ‘ಪುಸ್ತಕ-ಗಿಸ್ತಕ’, ‘ಮದುವೆ-ಗಿದುವೆ’ಗಳನ್ನು ಇವುಗಳ ಜೊತೆ ಸೇರಿಸಬಾರದು. ಅಲ್ಲಿ ಪುಸ್ತಕಕ್ಕೆ ಅರ್ಥವಿದೆ, ಗಿಸ್ತಕ ಅದರ ಬಾಲ. ಗಲಿಬಿಲಿಯಲ್ಲಿ ಎರಡೂ ಬಾಲಗಳೇ. ಸೇರಿದಾಗ ಮಾತ್ರ ಜೀವ ಬರುತ್ತದೆ.

ತಬ್ಬಿಬ್ಬನ್ನು ಉಚ್ಚರಿಸುವಾಗ ತುಟಿ ಎರಡು ಸಲ ಬಿಗಿಯಾಗಿ ಮುಚ್ಚುತ್ತದೆ. ಉತ್ತರ ಹೊಳೆಯದವನನ್ನು ಅಣಕಿಸುವಾಗಲೂ ನಾವು ‘ಬೆಬ್ಬೆಬ್ಬೆ ಅಂದ’ ಎನ್ನುತ್ತೇವೆ. ಅಲ್ಲಿಯೂ ಅದೇ ಒತ್ತಕ್ಷರ, ಅದೇ ಮುಚ್ಚಿದ ತುಟಿ. ಇದರಿಂದ ನಿಷ್ಪತ್ತಿ ಸಿದ್ಧವಾಗುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ ಮಾತು ಸಿಕ್ಕಿಕೊಳ್ಳುವ ಸ್ಥಿತಿಗೆ ಬಾಯಿಯನ್ನು ಎರಡು ಸಲ ಮುಚ್ಚಿಸುವ ಪದವೇ ಉಳಿದುಕೊಂಡಿತಲ್ಲ ಎಂಬುದನ್ನು ಗಮನಿಸದೆ ಇರಲಾರೆ.

ತೆಲುಗಿನಲ್ಲೂ ಇದೇ ಪದ ಇದೇ ರೂಪದಲ್ಲಿದೆ. ಆದರೆ ಅಲ್ಲಿ ಅದು ಸಂತೋಷದ ಕಡೆಗೆ ಧಾರಾಳವಾಗಿ ವಾಲಿದೆ. ‘ಆನಂದಂತೋ ತಬ್ಬಿಬ್ಬಯ್ಯಾಡು’ ಎಂಬುದು ತೆಲುಗರ ಬಾಯಲ್ಲಿ ನಿತ್ಯದ ನುಡಿಗಟ್ಟು: ಸಂತೋಷ ಉಕ್ಕಿ ಏನು ಮಾಡಲೂ ತೋಚದಾದ ಎಂದರ್ಥ. ಕನ್ನಡದಲ್ಲೂ ಹಾಗೆ ಹೇಳಬಹುದು, ಹೇಳುವವರೂ ಇದ್ದಾರೆ. ಆದರೆ ನಾವು ‘ತಬ್ಬಿಬ್ಬಾದ’ ಎಂದಷ್ಟೇ ಹೇಳಿ ನಿಲ್ಲಿಸಿದರೆ, ಕೇಳಿದವರು ಅವನಿಗೆ ಬಹುಮಾನ ಬಂತು ಎಂದುಕೊಳ್ಳುವುದಿಲ್ಲ. ಎಲ್ಲೋ ಸಿಕ್ಕಿಬಿದ್ದ ಎಂದುಕೊಳ್ಳುತ್ತಾರೆ. ಕೋಲಾರ, ಪಾವಗಡ, ಬಳ್ಳಾರಿಯ ಕಡೆ ಎರಡೂ ಭಾಷೆಯನ್ನು ಒಂದೇ ಉಸಿರಿಗೆ ಆಡುವವರು ಈ ಎರಡು ತೂಕಗಳನ್ನು ಹೇಗೆ ಸಂಭಾಳಿಸುತ್ತಾರೆ ಎಂಬುದು ಒಳ್ಳೆಯ ಸಂಶೋಧನೆಯ ವಿಷಯ. ವಿದ್ಯಾರ್ಥಿಗಳು ಯಾರಾದರೂ ಕೈಗೆತ್ತಿಕೊಳ್ಳಲಿ.

ಈಗ ಎರಡನೆಯ ಅಂಶ, ವಾಕ್ಯದಲ್ಲಿ ಇದರ ನಡೆ. ಕನ್ನಡದಲ್ಲಿ ನಮಗೆ ಆಗುವ ಅನುಭವಗಳು ಹೆಚ್ಚಾಗಿ ಚತುರ್ಥಿ ವಿಭಕ್ತಿಯಲ್ಲಿ ಬರುತ್ತವೆ. ನನಗೆ ಹಸಿವಾಯಿತು, ನನಗೆ ಬೇಸರವಾಯಿತು, ನನಗೆ ಗಾಬರಿಯಾಯಿತು. ನಾನು ಒಂದು ಕಡೆ ಇದ್ದೇನೆ, ಹಸಿವು ಬಂದು ನನ್ನನ್ನು ಮುಟ್ಟುತ್ತದೆ. ‘ನನಗೆ ತಬ್ಬಿಬ್ಬಾಯಿತು’ ಎಂಬ ಪ್ರಯೋಗ ಅಪರೂಪ. ‘ನಾನು ತಬ್ಬಿಬ್ಬಾದೆ’ ಎಂಬುದೇ ರೂಢಿ. ಆ ಗಳಿಗೆಯಲ್ಲಿ ಆಸಾಮಿ ಇಡಿಯಾಗಿ ತಬ್ಬಿಬ್ಬಾಗಿರುತ್ತಾನೆ; ಪಕ್ಕಕ್ಕೆ ನಿಂತು ಅದನ್ನು ಅನುಭವಿಸಲು ಅವನಲ್ಲಿ ಬೇರೆ ಯಾರೂ ಉಳಿದಿರುವುದಿಲ್ಲ.

ಇನ್ನೂ ಒಂದು ಸಂಗತಿ. ‘ಗಾಬರಿಯಾಗಬೇಡಿ’ ಎಂದು ವೈದ್ಯರು ಹೇಳುತ್ತಾರೆ, ಪೊಲೀಸರು ಹೇಳುತ್ತಾರೆ, ಬಸ್ಸಿನಲ್ಲಿ ಪಕ್ಕದ ಸೀಟಿನವರೂ ಹೇಳುತ್ತಾರೆ. ‘ತಬ್ಬಿಬ್ಬಾಗಬೇಡಿ’ ಎಂದು ಯಾರೂ ಯಾರಿಗೂ ಸಾಮಾನ್ಯವಾಗಿ ಹೇಳುವುದಿಲ್ಲ. ‘ನನಗೀಗ ಗಾಬರಿ ಆಗ್ತಿದೆ’ ಎಂದು ಫೋನು ಮಾಡುವವರಿದ್ದಾರೆ; ‘ನಾನೀಗ ತಬ್ಬಿಬ್ಬಾಗುತ್ತಿದ್ದೇನೆ’ ಎಂದರೆ ನಾಟಕದ ಸಂಭಾಷಣೆಯಂತೆ ಕೇಳುತ್ತದೆ. ಹಾಗೆ ಹೇಳುವಷ್ಟು ಮಾತು ಬಾಯಿಗೆ ಬಂದವನು ಆಗಲೇ ತಬ್ಬಿಬ್ಬಿನಿಂದ ಹೊರಬಿದ್ದಿರುತ್ತಾನೆ. ಹೀಗಾಗಿ ಈ ಪದ ಹೆಚ್ಚಾಗಿ ಭೂತಕಾಲದಲ್ಲಿ, ಕಥನದಲ್ಲಿ, ಇನ್ನೊಬ್ಬರ ಕುರಿತು ಬರುತ್ತದೆ. ನಮ್ಮ ಮಂತ್ರಿಗಳು ದುರಂತಗಳಿಗೆ ‘ದಿಗ್ಭ್ರಮೆ ವ್ಯಕ್ತಪಡಿಸುತ್ತಾರೆ’. ದಿಕ್ಕೇ ತಪ್ಪಿದವರು ಪತ್ರಿಕಾ ಹೇಳಿಕೆ ಕೊಡುವುದು ಹೇಗೆ ಎಂದು ನಾವು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಆದರೆ ಇವತ್ತಿಗೂ ಯಾರೂ ತಬ್ಬಿಬ್ಬು ವ್ಯಕ್ತಪಡಿಸಿಲ್ಲ. ಅದು ನೋಡುವವರ ಪದ. ನನ್ನ ಇಡೀ ಉಪನ್ಯಾಸದಲ್ಲಿ ಹೇಳಬೇಕಾದದ್ದು ಇದೊಂದೇ. ಉಳಿದದ್ದೆಲ್ಲ ಇದರ ವಿಸ್ತರಣೆ.

ಪದದ ನೆರೆಹೊರೆಗೆ ಬರೋಣ. ಗಾಬರಿಗೆ ಅಪಾಯ ಸಾಕು, ಸಾಕ್ಷಿ ಬೇಕಿಲ್ಲ. ಕಾಡುದಾರಿಯಲ್ಲಿ ಒಂಟಿಯಾಗಿ ಹೋಗುವವನಿಗೂ ಗಾಬರಿಯಾಗುತ್ತದೆ. ಗಲಿಬಿಲಿ ಒಬ್ಬನದೂ ಆಗಬಹುದು, ಸಂತೆಯದೂ ಆಗಬಹುದು, ಲೆಕ್ಕಪತ್ರದ್ದೂ ಆಗಬಹುದು. ಗಡಿಬಿಡಿ ಸಮಯಕ್ಕೆ ಸಂಬಂಧಪಟ್ಟದ್ದು. ನಮ್ಮ ಸಿನಿಮಾದವರಿಗೆ ಅದು ಎಷ್ಟು ಪ್ರಿಯವೆಂದರೆ ‘ಗಡಿಬಿಡಿ ಗಂಡ’, ‘ಗಡಿಬಿಡಿ ಅಳಿಯ’, ‘ಗಡಿಬಿಡಿ ಕೃಷ್ಣ’ ಎಲ್ಲರೂ ಬಂದು ಹೋದರು. ಕರಾವಳಿಯಲ್ಲಿ ಐಸ್‌ಕ್ರೀಮಿಗೇ ‘ಗಡ್‌ಬಡ್’ ಎಂದು ಹೆಸರಿಟ್ಟರು. ಪೆಚ್ಚಾಗುವುದು ತಬ್ಬಿಬ್ಬಿನ ಮುಂದಿನ ಮೆಟ್ಟಿಲು. ತಬ್ಬಿಬ್ಬಾದವನು ಇನ್ನೂ ಉತ್ತರ ಹುಡುಕುತ್ತಿರುತ್ತಾನೆ, ಪೆಚ್ಚಾದವನು ಹುಡುಕುವುದನ್ನು ಬಿಟ್ಟಿರುತ್ತಾನೆ.

ಈ ವ್ಯತ್ಯಾಸ ಕಾಣಬೇಕಾದರೆ ವಿರಾಟಪರ್ವದ ಉತ್ತರಕುಮಾರನನ್ನು ನೆನೆಯಬೇಕು. ಅಂತಃಪುರದ ಹೆಂಗಸರ ಮುಂದೆ ಕೊಚ್ಚಿಕೊಂಡು ಬಂದವನು ಕೌರವ ಸೇನೆಯನ್ನು ಕಂಡದ್ದೇ ರಥದಿಂದ ಹಾರಿ ಓಡಿದ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಹುಟ್ಟಿದ್ದು ಅಲ್ಲಿ. ಅದು ಶುದ್ಧ ಗಾಬರಿ, ಪ್ರಾಣಭಯ. ಆದರೆ ಶಮೀವೃಕ್ಷದ ಹತ್ತಿರ ಬಂದಾಗ ಬೃಹನ್ನಳೆ ‘ನಾನೇ ಅರ್ಜುನ’ ಎನ್ನುತ್ತಾನೆ. ಹೆಣ್ಣುಮಕ್ಕಳಿಗೆ ನಾಟ್ಯ ಕಲಿಸುತ್ತಿದ್ದ, ತಾನು ಸಾರಥಿಯಾಗಿ ಕರೆತಂದ ವ್ಯಕ್ತಿ ಎದುರಿಗೆ ನಿಂತು ಹಾಗೆ ಹೇಳಿದಾಗ ಉತ್ತರನಿಗೆ ಆದದ್ದೇನು? ಅಪಾಯ ಯಾವುದೂ ಹೆಚ್ಚಾಗಿಲ್ಲ, ನಿಜ ನೋಡಿದರೆ ಕಡಿಮೆಯಾಗಿದೆ. ಆದರೆ ಈ ಮನುಷ್ಯನ ಜೊತೆ ಈಗ ಯಾವ ದನಿಯಲ್ಲಿ ಮಾತಾಡಬೇಕು? ಅಪ್ಪಣೆಯೋ, ಬಿನ್ನಹವೋ? ಅವನು ತಬ್ಬಿಬ್ಬಾಗುವುದು ಆಗ. ಹಾಗಿದ್ದರೆ ಅರ್ಜುನನ ಹತ್ತು ಹೆಸರುಗಳನ್ನು ಹೇಳು ಎಂದು ಅವನು ಕೇಳುವುದು ಅನುಮಾನದಿಂದ ಮಾತ್ರವಲ್ಲ, ಸಾವರಿಸಿಕೊಳ್ಳಲು ಸಿಕ್ಕ ಒಂದಿಷ್ಟು ಹೊತ್ತಿಗಾಗಿ ಎಂದು ನಾನು ಓದುತ್ತೇನೆ. ಇನ್ನು ಮಯಸಭೆಯ ದುರ್ಯೋಧನ. ನೀರನ್ನು ನೆಲವೆಂದು, ನೆಲವನ್ನು ನೀರೆಂದು ತಿಳಿದು ಎಡವಿದ. ಒಬ್ಬನೇ ಇದ್ದಿದ್ದರೆ ಬಟ್ಟೆ ಹಿಂಡಿಕೊಂಡು ಹೋಗುತ್ತಿದ್ದ. ನೋಡಿ ನಕ್ಕವರಿದ್ದರು, ತಬ್ಬಿಬ್ಬು ಅವಮಾನವಾಯಿತು, ಅವಮಾನ ಹಗೆಯಾಯಿತು.

ನಮ್ಮ ನಿತ್ಯದಿಂದ ಒಂದು ಉದಾಹರಣೆ. ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಕಾಯುತ್ತಿದ್ದೀರಿ. ವಯಸ್ಸಾದ ಒಬ್ಬರು ಬಂದು ಎರಡೂ ಕೈ ಹಿಡಿದುಕೊಂಡು, ಕಣ್ಣಲ್ಲಿ ಕಣ್ಣಿಟ್ಟು, ‘ನನ್ನ ಗುರುತು ಸಿಕ್ತಾ?’ ಎನ್ನುತ್ತಾರೆ. ‘ಅಯ್ಯೋ, ಸಿಗದೆ ಇರುತ್ಯೇ’ ಎನ್ನುತ್ತೀರಿ. ‘ಹಾಗಾದ್ರೆ ಯಾರು ಹೇಳು ನೋಡೋಣ.’ ಪಕ್ಕದಲ್ಲಿ ನಿಮ್ಮ ಹೆಂಡತಿಯೋ ಗಂಡನೋ ಕಣ್ಣರಳಿಸಿ ನಿಂತಿದ್ದಾರೆ. ಕೈ ಬಿಡಿಸಿಕೊಳ್ಳುವಂತಿಲ್ಲ. ಮುಖದ ಮೇಲೆ ಒಂದು ನಗು ಅಂಟಿಕೊಂಡಿದೆ, ಕಣ್ಣು ಮಾತ್ರ ಅತ್ತಿತ್ತ ಓಡುತ್ತಿದೆ. ಕಿವಿ ಬಿಸಿಯಾಗಿದೆ. ಕೊನೆಗೆ ‘ಶಿವಮೊಗ್ಗದಲ್ಲಿ ಅಲ್ವಾ...’ ಎಂದು ಒಂದು ಊರಿನ ಹೆಸರನ್ನು ಕತ್ತಲಲ್ಲಿ ಎಸೆಯುತ್ತೀರಿ. ಪ್ರಾಣಾಪಾಯವಿಲ್ಲ, ಅವಸರವಿಲ್ಲ, ಗೊಂದಲದ ಸಂತೆಯಿಲ್ಲ. ಒಂದು ಪ್ರಶ್ನೆ, ಅದಕ್ಕೆ ಉತ್ತರ ಕೊಡಬೇಕಾದ ನೀವು, ಕಾಯುತ್ತಿರುವ ಕಣ್ಣುಗಳು. ತಬ್ಬಿಬ್ಬಿಗೆ ಬೇಕಾದ ಸಾಮಗ್ರಿ ಇಷ್ಟೇ.

ಇಲ್ಲಿ ಒಂದು ಮಾತು ಹೊರಗಿನವರದು. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರಕಟಣೆಯ ಕುರಿತು ಪುಸ್ತಕ ಬರೆದಾಗ, ಮುಖ ಕೆಂಪೇರುವುದಕ್ಕೇ ಒಂದು ಅಧ್ಯಾಯ ಮೀಸಲಿಟ್ಟ. ನಾವು ನಮ್ಮ ಬಗ್ಗೆ ಯೋಚಿಸುವುದರಿಂದಲ್ಲ, ಬೇರೆಯವರು ನಮ್ಮ ಬಗ್ಗೆ ಏನು ಯೋಚಿಸುತ್ತಿದ್ದಾರೆ ಎಂದು ಯೋಚಿಸುವುದರಿಂದ ಮುಖ ಕೆಂಪೇರುತ್ತದೆ ಎಂಬುದು ಅವನ ವಾದ. ಆ ಹೊತ್ತಿನಲ್ಲಿ ಬುದ್ಧಿ ಕಲಸಿಹೋಗಿ ಜನ ಸಂಬಂಧವಿಲ್ಲದ ಮಾತಾಡುವುದನ್ನೂ ಅವನು ದಾಖಲಿಸಿದ್ದಾನೆ. ಅಮೆರಿಕದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1956ರಲ್ಲಿ ಇನ್ನೊಂದು ಹೆಜ್ಜೆ ಹೋದ. ಜನರ ಮುಂದೆ ತಬ್ಬಿಬ್ಬಾಗುವವನು ಒಂದು ರೀತಿಯಲ್ಲಿ ತನ್ನ ಮರ್ಯಾದೆ ಉಳಿಸಿಕೊಳ್ಳುತ್ತಾನೆ. ಈ ಸಲ ಸರಿಯಾಗಿ ನಡೆದುಕೊಳ್ಳಲಾಗಲಿಲ್ಲ ಎಂಬುದು ಅವನನ್ನು ಚುಚ್ಚುತ್ತಿದೆ ಎಂದಾದರೂ ಎದುರಿನವರಿಗೆ ತಿಳಿಯುತ್ತದೆ ಎಂದ. ನಾಚಿಕೆಗೆಟ್ಟವರು ತಬ್ಬಿಬ್ಬಾಗುವುದಿಲ್ಲ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ.

ಇನ್ನು ನನಗೆ ಪ್ರಿಯವಾದ ಭಾಗಕ್ಕೆ ಬರುತ್ತೇನೆ, ತಾಳಮದ್ದಳೆ. ಕರಾವಳಿ, ಮಲೆನಾಡು, ಕಾಸರಗೋಡಿನ ಕಡೆಯವರಿಗೆ ವಿವರಣೆ ಬೇಡ. ಬಯಲುಸೀಮೆಯ ಶ್ರೋತೃಗಳಿಗಾಗಿ ಎರಡು ಮಾತು. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯದ ಜಾಡು ಹಿಡಿದು ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಬರೆದಿಟ್ಟದ್ದು, ಮಾತು ಅಲ್ಲೇ ಹುಟ್ಟಬೇಕಾದದ್ದು. ಎದುರಾಳಿ ಏನು ಕೇಳುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ. ಇನ್ನೊಬ್ಬನನ್ನು ತಬ್ಬಿಬ್ಬು ಮಾಡುವುದನ್ನೂ ತಾನು ತಬ್ಬಿಬ್ಬಾಗದೆ ಇರುವುದನ್ನೂ ಕಲೆಯ ಮಟ್ಟಕ್ಕೆ ಏರಿಸಿದ ಇನ್ನೊಂದು ಪ್ರಕಾರ ಕನ್ನಡದಲ್ಲಿ ನನಗೆ ಕಾಣುವುದಿಲ್ಲ.

ವಾಲಿವಧೆಯನ್ನು ತೆಗೆದುಕೊಳ್ಳಿ. ಬಾಣ ನಾಟಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಕ್ಷತ್ರಿಯ ಧರ್ಮ? ನಿನ್ನ ನಾಡಿನಲ್ಲಿ ನಾನೇನು ಅಪರಾಧ ಮಾಡಿದ್ದೆ? ಕಪಿಯ ಮಾಂಸ ತಿನ್ನುವಂಥದ್ದಲ್ಲ, ಮತ್ತೇಕೆ ಬೇಟೆ? ಸೀತೆಯನ್ನು ತರುವುದೇ ನಿನ್ನ ಉದ್ದೇಶವಾಗಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ? ಇವು ವಾಲ್ಮೀಕಿಯಿಂದಲೇ ಬಂದ ಪ್ರಶ್ನೆಗಳು. ರಾಮನ ಉತ್ತರಗಳೂ ಅಲ್ಲೇ ಇವೆ: ಈ ಭೂಮಿಯೆಲ್ಲ ಇಕ್ಷ್ವಾಕುಗಳದು, ಭರತನ ಆಳ್ವಿಕೆಯಲ್ಲಿ ಧರ್ಮ ಮೀರಿದವನನ್ನು ದಂಡಿಸುವ ಹೊಣೆ ನಮ್ಮದು, ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ. ಆದರೆ ಕೂಟದಲ್ಲಿ ವಾಲಿ ಅಲ್ಲಿಗೆ ನಿಲ್ಲಿಸಬೇಕೆಂದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕುಳಿತಾಗ, ರಾಮನ ಪಾತ್ರಧಾರಿಗೆ ಮುಂದಿನ ಪ್ರಶ್ನೆ ಯಾವ ದಿಕ್ಕಿನಿಂದ ಬರುತ್ತದೆ ಎಂಬ ಎಚ್ಚರ ಇರಲೇಬೇಕಾಗಿತ್ತು.

ಇಲ್ಲಿ ನೋಡಬೇಕಾದ ಸೂಕ್ಷ್ಮವೊಂದಿದೆ. ರಾಮ ತಬ್ಬಿಬ್ಬಾಗಬಾರದು, ರಾಮನ ಅರ್ಥಧಾರಿ ತಬ್ಬಿಬ್ಬಾಗಬಹುದು. ಪಳಗಿದ ಶ್ರೋತೃಗಳು ಈ ಎರಡನ್ನೂ ಒಟ್ಟಿಗೇ ನೋಡುತ್ತಿರುತ್ತಾರೆ. ಉತ್ತರ ತಡವಾದರೆ ಅರ್ಥಧಾರಿ ಶಾಲು ಸರಿಪಡಿಸಿಕೊಳ್ಳುತ್ತಾನೆ, ಎದುರಾಳಿಯ ಪ್ರಶ್ನೆಯನ್ನೇ ನಿಧಾನವಾಗಿ ಮತ್ತೊಮ್ಮೆ ಹೇಳುತ್ತಾನೆ, ಇಲ್ಲವೇ ‘ಭಲೆ ವಾಲಿ’ ಎಂದು ಹೊಗಳುತ್ತಾನೆ. ಹೊಗಳಿಕೆ ಪಾತ್ರದ್ದು, ಅದರಿಂದ ಸಿಕ್ಕ ಬಿಡುವು ಕಲಾವಿದನದು. ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ನಗುತ್ತಾರೆ; ಅವರಿಗೆ ಗೊತ್ತಾಗಿದೆ. ಬಿಕ್ಕಟ್ಟು ಕೈಮೀರಿತು ಎಂದು ಕಂಡರೆ ಭಾಗವತರು ತಾಳ ತಟ್ಟಿ ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಸಿಕ್ಕಿಕೊಂಡವನು ಪಾರಾಗುತ್ತಾನೆ. ಆದರೆ ಎದುರಾಳಿಯನ್ನು ತಬ್ಬಿಬ್ಬು ಮಾಡುವುದೇ ಗುರಿಯಾದರೆ ಪ್ರಸಂಗ ಸತ್ತುಹೋಗುತ್ತದೆ ಎಂಬುದೂ ಈ ರಂಗದವರಿಗೆ ತಿಳಿದ ವಿಷಯವೇ. ಉತ್ತರಿಸಲಾಗದ ಪ್ರಶ್ನೆ ಕೇಳಿದವನು ಗೆದ್ದಂತೆ ಕಂಡರೂ ಆ ರಾತ್ರಿಯ ರಾಮಾಯಣ ಸೋತಿರುತ್ತದೆ. ಕೂಟದಲ್ಲಿ ಒಳ್ಳೆಯ ಪ್ರಶ್ನೆಯೆಂದರೆ ಎದುರಿನವನನ್ನು ಒಂದು ಗಳಿಗೆ ನಿಲ್ಲಿಸಿ, ಮರುಗಳಿಗೆ ಅವನಿಂದ ಮೊದಲಿಗಿಂತ ಒಳ್ಳೆಯ ಮಾತನ್ನು ಹೊರಡಿಸುವಂಥದ್ದು.

ಕೊನೆಯದಾಗಿ ನ್ಯಾಯಾಲಯ. ಇಲ್ಲಿ ಪದ್ಯ ಎತ್ತಿಕೊಳ್ಳುವ ಭಾಗವತರಿಲ್ಲ. ಡಾರ್ವಿನ್ನನ ಪುಸ್ತಕ ಬಂದ ಅದೇ 1872ರಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಇದೆ. ಪಾಟೀಸವಾಲಿನ ಚೌಕಟ್ಟು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿದಿದೆ. ತನ್ನ ಸಾಕ್ಷಿಯ ಮುಖ್ಯ ವಿಚಾರಣೆಯಲ್ಲಿ ವಕೀಲ ಸಾಮಾನ್ಯವಾಗಿ ಸೂಚಕ ಪ್ರಶ್ನೆ ಕೇಳುವಂತಿಲ್ಲ; ಪಾಟೀಸವಾಲಿನಲ್ಲಿ ಕೇಳಬಹುದು. ಅಂದರೆ ‘ಆ ದಿನ ನೀವು ಎಲ್ಲಿದ್ದಿರಿ’ ಎಂಬುದು ‘ಆ ದಿನ ನೀವು ಊರಲ್ಲೇ ಇರಲಿಲ್ಲ, ಅಲ್ಲವೇ’ ಎಂದಾಗಬಹುದು. ಬರಿಯ ಅವಮಾನಕ್ಕೋ ಕಿರುಕುಳಕ್ಕೋ ಕೇಳುವ ಪ್ರಶ್ನೆಯನ್ನು ನ್ಯಾಯಾಧೀಶರು ತಡೆಯಬೇಕೆಂದು ಕಾನೂನು ಹೇಳುತ್ತದೆ. ತಬ್ಬಿಬ್ಬು ಮಾಡುವ ಪ್ರಶ್ನೆಯನ್ನು ತಡೆಯಬೇಕೆಂದು ಹೇಳುವುದಿಲ್ಲ. ಹೇಳಿದರೆ ಪಾಟೀಸವಾಲೇ ಇರುವುದಿಲ್ಲ.

ತೊಂದರೆ ಇರುವುದು ತಬ್ಬಿಬ್ಬನ್ನು ನಾವು ಓದುವ ರೀತಿಯಲ್ಲಿ. ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ತಡವರಿಸಿದವನು ತಪ್ಪಿತಸ್ಥ ಎಂದು ತೀರ್ಮಾನಿಸಲು ನಮಗೆ ಬಹಳ ಹೊತ್ತು ಬೇಡ. ‘ಪತ್ರಕರ್ತರ ಪ್ರಶ್ನೆಗೆ ಸಚಿವರು ತಬ್ಬಿಬ್ಬು’ ಎಂಬ ತಲೆಬರಹವನ್ನು ಓದಿದವರು ಪ್ರಶ್ನೆ ಏನೆಂದು ನೋಡುವ ಮೊದಲೇ ಉತ್ತರವನ್ನು ಊಹಿಸಿಕೊಂಡಿರುತ್ತಾರೆ. ಆದರೆ ಮೊದಲ ಬಾರಿಗೆ ಕಟಕಟೆ ಹತ್ತಿದ ರೈತನೊಬ್ಬ, ಕರಿ ಕೋಟಿನವರು, ಎತ್ತರದ ಪೀಠ, ಟೈಪು ಮಾಡುವ ಸದ್ದು ಇವುಗಳ ನಡುವೆ ನಿಜವನ್ನೇ ಹೇಳುತ್ತ ತಬ್ಬಿಬ್ಬಾಗಬಹುದು. ಪಳಗಿದ ಸುಳ್ಳುಗಾರ ಮಂಜಿನಷ್ಟು ತಣ್ಣಗೆ ನಿಂತಿರಬಹುದು. ಡಾರ್ವಿನ್ ಹೇಳಿದ್ದನ್ನು ಒಪ್ಪುವುದಾದರೆ, ಆ ರೈತನ ಮುಖ ತಿಳಿಸುವುದು ಇಷ್ಟೇ: ಇಷ್ಟು ಜನ ತನ್ನನ್ನೇ ನೋಡುತ್ತಿದ್ದಾರೆಂದು ಅವನಿಗೆ ಗೊತ್ತಿದೆ.

1973ರ ದಂಡ ಪ್ರಕ್ರಿಯಾ ಸಂಹಿತೆಯ 280ನೆಯ ಕಲಮು, ಸಾಕ್ಷಿ ನುಡಿಯುವಾಗಿನ ಅವನ ಹಾವಭಾವದ ಬಗ್ಗೆ ತಮಗೆ ಮುಖ್ಯವೆನಿಸಿದ್ದನ್ನು ನ್ಯಾಯಾಧೀಶರು ದಾಖಲಿಸಬೇಕು ಎಂದಿತ್ತು. ಅದರ ನಂತರದ ಸಂಹಿತೆಯಲ್ಲೂ ಈ ಏರ್ಪಾಡು ಮುಂದುವರಿದಿದೆ. ನಮ್ಮ ಕೆಳಹಂತದ ನ್ಯಾಯಾಲಯಗಳಲ್ಲಿ ಸಾಕ್ಷ್ಯವನ್ನು ಕನ್ನಡದಲ್ಲಿ ಬರೆದುಕೊಳ್ಳುವವರಿಗೆ ಇಲ್ಲಿ ಒಂದು ಆಯ್ಕೆ ಎದುರಾಗುತ್ತದೆ. ‘ಈ ಪ್ರಶ್ನೆಗೆ ಸಾಕ್ಷಿ ತಬ್ಬಿಬ್ಬಾದರು’ ಎಂದು ಬರೆಯಬಹುದು. ‘ಈ ಪ್ರಶ್ನೆಗೆ ಸಾಕ್ಷಿ ಸ್ವಲ್ಪ ಹೊತ್ತು ಸುಮ್ಮನಿದ್ದು, ನೀರು ಕೇಳಿ ಕುಡಿದು, ಪ್ರಶ್ನೆಯನ್ನು ಇನ್ನೊಮ್ಮೆ ಹೇಳುವಂತೆ ಕೋರಿದರು’ ಎಂದೂ ಬರೆಯಬಹುದು. ಮೊದಲನೆಯದು ಚಿಕ್ಕದು, ಓದಲು ಸೊಗಸು, ಕನ್ನಡದ ಜಾಯಮಾನಕ್ಕೆ ಒಗ್ಗಿದ್ದು. ಆದರೆ ಅದರಲ್ಲಿ ನೋಡಿದವರ ತೀರ್ಪು ಸೇರಿಕೊಂಡಿದೆ. ಎರಡನೆಯದರಲ್ಲಿ ಸಾಕ್ಷಿ ಮಾಡಿದ್ದು ಮಾತ್ರ ಇದೆ. ಮೇಲ್ಮನವಿಯಲ್ಲಿ ಆ ಕಡತ ಬಿಚ್ಚಿ ಓದುವ ನ್ಯಾಯಮೂರ್ತಿಗಳು ಆ ಸಾಕ್ಷಿಯ ಮುಖವನ್ನು ಕಂಡಿರುವುದಿಲ್ಲ. ಅವರ ಮುಂದೆ ಇರುವುದು ಈ ಎರಡು ವಾಕ್ಯಗಳಲ್ಲಿ ಯಾವುದೋ ಒಂದು.